ರಜೆಯ ದಿನದ ಒಂದೇ ಬಸ್ಸು

ಜನವರಿ ಇಪ್ಪತ್ತಾರರ ಸಂಜೆ ಫುಟ್‌ಬಾಲ್ ಫೈನಲ್ ನೋಡಿಕೊಂಡು ಮಂದಿ ನಿಪ್ಪಾಣಿ ಬಸ್ ನಿಲ್ದಾಣಕ್ಕೆ ನುಗ್ಗಿ ಬಂದಾಗ, ಚಿಕ್ಕೋಡಿ ಕಡೆಗೆ ಹೋಗುವುದಕ್ಕೆ ಅಲ್ಲಿ ನಿಂತಿದ್ದದ್ದು ಒಂದೇ ಬಸ್ಸು. ಅದರ ಕಂಡಕ್ಟರು ಉಜ್ವಲಾ. ಹನ್ನೊಂದು ವರ್ಷದಿಂದ ಆ ರಸ್ತೆಯಲ್ಲಿ ಟಿಕೆಟ್ ಕೊಟ್ಟವಳು. ಸಂತೆಯ ಗದ್ದಲ, ಪರೀಕ್ಷೆಯ ಗದ್ದಲ, ಮದುವೆ ಸೀಸನ್ನಿನ ಗದ್ದಲ ಎಲ್ಲ ಕಂಡಿದ್ದಳು. ಆದರೆ ಗೇಟಿನಿಂದ ಒಳಗೆ ಬರುತ್ತಿದ್ದ ಈ ಗುಂಪು ಬೇರೆಯೇ ಇತ್ತು. ಅರ್ಧ ಮಂದಿ ಗುಲಾಲು ಎರಚಿಕೊಂಡು ಕುಣಿಯುತ್ತಿದ್ದರು. ಉಳಿದರ್ಧ ಮಂದಿ ಮಾತೇ ಆಡುತ್ತಿರಲಿಲ್ಲ.

ಗೆದ್ದದ್ದು ಚಿಕ್ಕೋಡಿಯ ನವತರುಣ ತಂಡ, ಸೋತದ್ದು ಕಬ್ಬೂರಿನ ಗರುಡ ತಂಡ. ಇಬ್ಬರಿಗೂ ದಾರಿ ಒಂದೇ. ಮೊದಲು ಚಿಕ್ಕೋಡಿ, ಅದನ್ನು ದಾಟಿ ಮುಂದೆ ಹೋದರೆ ಕಬ್ಬೂರ. ಬೇರೆ ದಿನವಾಗಿದ್ದರೆ ಒಂದು ತಪ್ಪಿದರೆ ಇನ್ನೊಂದು ಬಸ್ಸು ಸಿಗುತ್ತಿತ್ತು. ಉಜ್ವಲಾ ಕಂಟ್ರೋಲರ್ ಭಾವುಸಾಹೇಬರ ಕಿಟಕಿಗೆ ಓಡಿದಳು.

"ಸಾಹೇಬ್ರ, ಇನ್ನೊಂದ ಗಾಡಿ ಕೊಡ್ರಿ. ಎರಡೂ ಪಾರ್ಟಿ ಒಂದ ಬಸ್ಸಿನ್ಯಾಗ ಹಾಕಿದ್ರ ಹೊಡದಾಡ್ತಾರ."

"ಗಾಡಿ ಎಲ್ಲಿಂದ ತರ್ಲೆವಾ? ರಜಾ ಅಂತ ಕಾಲೇಜ ಶೆಡ್ಯೂಲ್ ಎಲ್ಲಾ ರದ್ದ ಆಗ್ಯಾವ. ಉಳದಾವು ಕಾರ್ಯಕ್ರಮಕ್ಕ ಮಂದೀನ ತುಂಬ್ಕೊಂಡ ಹೋಗ್ಯಾವ, ಇನ್ನಾ ಬಂದಿಲ್ಲ. ಡ್ರೈವರ್ ಅರ್ಧ ಮಂದಿ ಸೂಟಿ ಮ್ಯಾಲ ಅದಾರ."

"ಹಂಗಾರ ಗೆದ್ದಾವ್ರನ್ನ ಮೊದಲ ಒಯ್ದ ಬಿಟ್ಟ ಬರ್ತೀನಿ. ಸೋತಾವ್ರನ್ನ ಆಮ್ಯಾಲ ಒಯ್ತೀನಿ."

"ನೀ ಬರೂತನಾ ಇವ್ರು ನನ್ನ ಆಫೀಸ ಪುಡಿ ಮಾಡಿ ಬಿಡ್ತಾರ. ಒಯ್ಯವಾ ತಂಗಿ, ಹೆಂಗರ ಮಾಡಿ ಒಯ್ಯಿ."

"ಪೊಲೀಸರನ್ನರ ಒಬ್ಬರ್ನ ಹತ್ತಸ್ರಿ."

"ಅವ್ರು ಮುಂಜಾನಿಂದ ಪರೇಡ್ ಮಾಡಿ ದಣದ ಮನಿಗಿ ಹೋಗ್ಯಾರ," ಎಂದು ಭಾವುಸಾಹೇಬರು ಕಿಟಕಿ ಮುಚ್ಚಿಕೊಂಡರು.

ಅವಳು ತಿರುಗಿ ನೋಡುವಷ್ಟರಲ್ಲಿ ಬಸ್ಸು ತುಂಬಿಹೋಗಿತ್ತು. ಹುಡುಗರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದರು. ಕಿಟಕಿಯಲ್ಲಿ ಅರ್ಧ ದೇಹ ತೂರಿಸಿದ್ದ ಒಬ್ಬನನ್ನು ಕೆಳಗಿನಿಂದ ಇನ್ನೊಬ್ಬ ಕಾಲು ಹಿಡಿದು ಎಳೆದು ನೆಲದ ಫರಸಿಕಲ್ಲಿನ ಮೇಲೆ ಕೆಡವಿದ. ಅವನ ಮೊಳಕೈ ಒಡೆಯಿತು. ಬಾಗಿಲಲ್ಲಿ ನಾಲ್ಕೈದು ಜನ ಜೋತಾಡುತ್ತಿದ್ದರು. ಅವರ ನಡುವೆ ಪದ್ಮವ್ವನೆಂಬ ಮುದುಕಿ, ಮಗಳ ಮನೆಯಿಂದ ಕಬ್ಬೂರಿಗೆ ಮರಳುತ್ತಿದ್ದವಳು, ಗಂಟು ಎದೆಗವಚಿಕೊಂಡು "ಅಯ್ಯ, ಸಾಯಸ್ತೀರೇನ್ರೋ" ಎಂದು ಕೂಗುತ್ತಿದ್ದಳು. ಉಜ್ವಲಾ ಒಬ್ಬನ ಕುತ್ತಿಗೆಪಟ್ಟಿ ಹಿಡಿದು ಎಳೆದು, ಮುದುಕಿಯನ್ನು ಒಳಗೆ ದಬ್ಬಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಗೆದ್ದವರನ್ನು ಹಿಂದಕ್ಕೆ, ಸೋತವರನ್ನು ಮುಂದಕ್ಕೆ ಮಾಡಿ, ನಡುವೆ ಕುಟುಂಬದ ಮಂದಿಯನ್ನು ನಿಲ್ಲಿಸಿದಳು. ಅವಳ ಕೈಲಾದದ್ದು ಅಷ್ಟೇ.

ಡ್ರೈವರ್ ಧೂಳಪ್ಪ ಐವತ್ತು ದಾಟಿದವನು. ಕನ್ನಡಿಯಲ್ಲಿ ಅವಳ ಮುಖ ನೋಡಿ, "ಹೊಂಡೂದ ಏನ್ ತಂಗೆವ್ವಾ?" ಎಂದ.

"ಹೊಂಡ್ರಿ ಅಣ್ಣಾ. ಎಲ್ಲೂ ನಿಲ್ಲಸಬ್ಯಾಡ್ರಿ."

ಊರು ದಾಟುವ ತನಕ ಏನೂ ಆಗಲಿಲ್ಲ. ತಂಬಾಕು ಗೋದಾಮುಗಳ ಘಾಟು ಹಿಂದೆ ಬಿದ್ದು, ಎರಡೂ ಕಡೆ ಕಬ್ಬಿನ ಹೊಲ ಶುರುವಾದವು. ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದುದರಿಂದ ಬಸ್ಸು ಎಳೆದುಕೊಂಡೇ ಹೋಗಬೇಕಿತ್ತು. ಆಗ ಹಿಂದಿನಿಂದ ಹಲಗೆ ವಾದ್ಯ ಬಡಿಯುವುದು ಶುರುವಾಯಿತು. "ಗರುಡ ಎಲ್ಲಿ ಹೋತು?" ಎಂದು ಒಬ್ಬ ಕೂಗಿದರೆ, "ಕೋಳಿ ಆತು!" ಎಂದು ಉಳಿದವರು ಕೂಗಿದರು. ಮುಂದಿದ್ದ ಕಬ್ಬೂರಿನ ಮಂದಿ ಹಿಂದಕ್ಕೆ ತಿರುಗಿ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ತಮ್ಮ ನಡುವೆಯೇ ಕಂಬಿ ಹಿಡಿದು ನಿಂತಿದ್ದ ಒಬ್ಬ ಹುಡುಗನನ್ನು.

ಅವನು ಅವರ ಗೋಲ್‌ಕೀಪರ್ ಜ್ಞಾನದೇವ. ಎತ್ತರದ, ಬಡಕಲು ಹುಡುಗ. ಕೈಗವಸುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿದ್ದ. ಪೆನಾಲ್ಟಿಯಲ್ಲಿ ಕೊನೆಯ ಚೆಂಡು ಅವನ ಬೆರಳು ಸವರಿಕೊಂಡು ಒಳಗೆ ಹೋಗಿತ್ತು. ಅದನ್ನಾದರೂ ಊರಿನವರು ನುಂಗಿಕೊಳ್ಳುತ್ತಿದ್ದರೇನೋ. ಆದರೆ ಆ ಚೆಂಡು ಒದ್ದ ನವತರುಣ ತಂಡದ ಸುಹಾಸ ಚಿಕ್ಕೋಡಿ ಕಾಲೇಜಿನಲ್ಲಿ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಅವನು ಓಡಿ ಬಂದು ತಬ್ಬಿಕೊಂಡಾಗ ಜ್ಞಾನದೇವನೂ ಅವನನ್ನು ತಬ್ಬಿಕೊಂಡಿದ್ದ. ಅದನ್ನು ಮೈದಾನದ ತುಂಬ ಮಂದಿ ನೋಡಿದ್ದರು.

"ಯಾಕಲೇ ಜ್ಞಾನ್ಯಾ, ಅಪ್ಪಿಕೊಳ್ಳಾಕ ಭಾಳ ಚಲೋ ಅನಸ್ತೇನ?"

ಕೇಳಿದವನು ಅಣ್ಣಾಸಾಬ. ಇಟ್ಟಂಗಿ ಭಟ್ಟಿಯ ಮಾಲಕ. ಗರುಡ ತಂಡಕ್ಕೆ ಅಂಗಿ ಹೊಲಿಸಿಕೊಟ್ಟವನು, ಊರಲ್ಲಿ ಅವನ ಮಾತು ದಾಟುವವರಿಲ್ಲ. ಅವನ ಜೀಪು ಆವತ್ತು ಕೆಟ್ಟು ನಿಂತಿದ್ದರಿಂದ ಮಂದಿಯ ಬೆವರಿನ ನಡುವೆ ನಿಂತು ಬರಬೇಕಾಗಿ ಬಂದಿತ್ತು. ಹಿಂದಿನಿಂದ ಕೋಳಿಯ ಕೂಗು ಕೇಳಿಸಿದಾಗಲೆಲ್ಲ ಅವನ ಕತ್ತಿನ ನರ ಉಬ್ಬುತ್ತಿತ್ತು.

"ಅವ ನನ್ನ ದೋಸ್ತ ಅದಾನ್ರಿ ದಾದಾ," ಎಂದ ಜ್ಞಾನದೇವ.

ಮಾತು ಮುಗಿಯುವ ಮೊದಲೇ ಅಣ್ಣಾಸಾಬ ಅವನ ಬಾಯಿಗೆ ಹೊಡೆದ. ಬೆರಳಲ್ಲಿದ್ದ ದಪ್ಪ ಉಂಗುರ ತುಟಿಯನ್ನು ಸೀಳಿತು. ಹುಡುಗ ಕೈ ಅಡ್ಡ ಹಿಡಿದದ್ದೇ ತಪ್ಪಾಯಿತು. "ಕೈ ಎತ್ತತಿ?" ಎಂದು ಇನ್ನೊಬ್ಬ ಅವನ ಕೂದಲು ಹಿಡಿದು ಹಣೆಯನ್ನು ಕಂಬಿಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ಕಬ್ಬಿಣದ ಸದ್ದು ಇಡೀ ಬಸ್ಸಿಗೆ ಕೇಳಿಸಿತು. ಹಲಗೆ ನಿಂತುಹೋಯಿತು. ಪದ್ಮವ್ವನ ಸೀರೆಯ ಮೇಲೆ ರಕ್ತ ಸಿಡಿಯಿತು. ಯಾರದೋ ಮಗು ಕಿಟ್ಟನೆ ಕಿರುಚಿತು.

ಉಜ್ವಲಾ ಮಂದಿಯ ನಡುವೆ ಭುಜ ತೂರಿಸಿ ನುಗ್ಗಿದಳು. "ಬಿಡ್ರಿ ಅವನ್ನ! ಬಸ್ಸಿನ್ಯಾಗ ಏನ್ ಮಾಡಾಕತ್ತೀರಿ?" ಯಾರದೋ ಮೊಳಕೈ ಅವಳ ದವಡೆಗೆ ಬಡಿಯಿತು. ಬಾಯಲ್ಲಿ ಉಪ್ಪುಪ್ಪಾಯಿತು. ಅವಳು ಸೀಟಿ ಊದಿದಳು. ಹೆದರಿಕೆಯಿಂದ ಊದಿದ್ದು ಅದು. ಧೂಳಪ್ಪ ಗಕ್ಕನೆ ಬ್ರೇಕ್ ಹಾಕಿದ. ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬಿದ್ದರು.

ಅದೇ ಅಣ್ಣಾಸಾಬನಿಗೆ ಬೇಕಾಗಿತ್ತು. ಅವನೂ ಅವನ ಜೊತೆಯ ಐದಾರು ಮಂದಿಯೂ ಜ್ಞಾನದೇವನ ಕಾಲು ಹಿಡಿದು ಬಾಗಿಲಿಂದ ಹೊರಗೆ ಎಳೆದರು. ಅವನ ತಲೆ ಮೆಟ್ಟಿಲುಗಳಿಗೆ ಬಡಿಯುತ್ತ ಹೋಯಿತು. ರಸ್ತೆಯ ಬದಿಗೆ ಪಂಕ್ಚರ್ ಆಗಿ ಯಾರೂ ಇಲ್ಲದೆ ನಿಂತಿದ್ದ ಒಂದು ಕಬ್ಬಿನ ಟ್ರೇಲರ್ ಇತ್ತು. ಅವರು ಅದರಿಂದ ಒಂದೊಂದು ಗಳ ಹಿರಿದುಕೊಂಡರು. ಗಣಿಕೆ ಗಣಿಕೆಯ ಹಸಿ ಕಬ್ಬು. ಮೊದಲ ಏಟಿಗೆ ಹುಡುಗ ಅವ್ವನನ್ನು ಕೂಗಿದ. ಆಮೇಲೆ ಕೂಗಲಿಲ್ಲ. ಮುಖ ಮುಚ್ಚಿಕೊಂಡು ಮಣ್ಣಿನಲ್ಲಿ ಸುರುಳಿಯಾದ.

"ತಂಗೆವ್ವಾ, ಏನ್ ಮಾಡ್ಲಿ?" ಧೂಳಪ್ಪ ಸೀಟಿನಿಂದ ಅರ್ಧ ಎದ್ದು ಕೂಗಿದ.

"ರೈಟ್ ಹೇಳ್ರಿ ಬಾಯಾರ," ಎಂದ ಯಾರೋ. "ಅವ್ರ ಊರ ಹುಡುಗ, ಅವ್ರ ನೋಡ್ಕೋತಾರ."

"ಚಲಾ, ಚಲಾ! ನಮ್ಮ ಮ್ಯಾಲ ಬಂದ್ರ ಏನ್ ಮಾಡೂದು?"

ಉಜ್ವಲಾ ಹಿಂದಕ್ಕೆ ನೋಡಿದಳು. ಕೊನೆಯ ಸೀಟಿನಲ್ಲಿ ಸುಹಾಸ ಗೆದ್ದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಖದ ಗುಲಾಲಿನ ಕೆಳಗೆ ಬಣ್ಣವೇ ಇರಲಿಲ್ಲ. ಇವಳ ಕಣ್ಣು ಸಿಕ್ಕೊಡನೆ ಕಿಟಕಿಯ ಆಚೆ ಮುಖ ಮಾಡಿದ. ಗೆದ್ದ ತಂಡದ ಮೂವತ್ತು ನಲವತ್ತು ಗಂಡಸರಲ್ಲಿ ಒಬ್ಬನೂ ಏಳಲಿಲ್ಲ. ಕೆಲವರು ಫೋನ್ ಎತ್ತಿ ಹಿಡಿದಿದ್ದರು.

ಬಸ್ಸು ಹೊರಡುವುದಕ್ಕೆ ಅವಳ 'ರೈಟ್' ಎಂಬ ಒಂದು ಮಾತು ಸಾಕಿತ್ತು. ಚಿಕ್ಕೋಡಿಯಲ್ಲಿ ಮಗಳು ಮನಿಷಾ ಒಬ್ಬಳೇ ಮನೆಯಲ್ಲಿದ್ದಳು. ಗಂಡನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಇದನ್ನೆಲ್ಲ ಅವಳು ಯೋಚಿಸಿದ್ದು ನಿಜ. ಆದರೆ ಕಬ್ಬು ಮೈಮೇಲೆ ಬೀಳುವ ಆ ಸದ್ದು ಕೇಳುತ್ತ ಕೇಳುತ್ತ ಅವಳ ಕಾಲು ಮೆಟ್ಟಿಲು ಇಳಿದಾಗಿತ್ತು.

ಅಣ್ಣಾಸಾಬ ಅವಳಿಗೆ ಬೆನ್ನು ಮಾಡಿ, ಕಬ್ಬಿನ ತುದಿಯಿಂದ ಹುಡುಗನ ಮುಖಕ್ಕೆ ತಿವಿಯುತ್ತಿದ್ದ. "ಬಿಡ್ರಿ!" ಎಂದು ಅವಳು ಅವನ ತೋಳು ಹಿಡಿದು ಎಳೆದಳು. ಅವನು ತಿರುಗಿದವನೇ, "ನೀ ಯಾವಾಕಿ ಬೇ ನಡಬರಕ?" ಎಂದು ಅವಳ ಎದೆಗೆ ಕೈ ಹಾಕಿ ನೂಕಿದ. ಅವಳು ಟ್ರೇಲರಿನ ಗಾಲಿಗೆ ಬಡಿದು ಬಿದ್ದಳು. ಎದ್ದಾಗ ಕೈಯಲ್ಲಿ ಟಿಕೆಟ್ ಮಷಿನ್ ಇತ್ತು, ಅದರ ಪಟ್ಟಿ ಮುಂಗೈಗೆ ಸುತ್ತಿಕೊಂಡಿತ್ತು. ಅವಳು ಅದನ್ನು ಬೀಸಿದಳು.

ಮೂಲೆ ಅವನ ಕೆನ್ನೆಯ ಎಲುಬಿಗೆ ತಾಗಿತು. ಅವನು ಮೊಣಕಾಲು ಮಡಚಿ ಕುಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವನ ಬಾಯಿಗೆ ಹೊಡೆದಳು, ಕಿವಿಗೆ ಹೊಡೆದಳು, ಅವನು ಮುಖ ಮುಚ್ಚಿಕೊಂಡ ಕೈಗಳ ಮೇಲೆ ಹೊಡೆದಳು. ಹಿಂದಿನಿಂದ ಯಾರೋ ಅವಳ ಬೆನ್ನಿಗೆ ಕಬ್ಬಿನಿಂದ ಬಾರಿಸುತ್ತಿದ್ದುದು ಯಾವುದೋ ದೂರದ ಸದ್ದಿನಂತೆ ಕೇಳುತ್ತಿತ್ತು. ಹನ್ನೊಂದು ವರ್ಷ ಹಲ್ಲುಕಚ್ಚಿ ನುಂಗಿಕೊಂಡ ಮಾತುಗಳು, ನೂಕುಗಳು, ಬೇಕೆಂದೇ ಮೈಸವರಿದ ಕೈಗಳು ಎಲ್ಲ ಅವಳ ಆ ಒಂದು ಕೈಗೆ ಬಂದು ಕೂತಂತಿದ್ದವು. ಹೊಡೆಯುವುದು ಹಿತವಾಗಿತ್ತು. ಅದು ಅವಳಿಗೆ ಆಗಲೇ ಗೊತ್ತಾಯಿತು, ಮತ್ತು ಅದರಿಂದಲೇ ಆಮೇಲೆ ಅವಳು ಎಷ್ಟೋ ದಿನ ಹೆದರಿದಳು.

"ಸಾಕ್ ತಂಗೆವ್ವಾ! ಸತ್ತ ಹೋಗ್ತಾನ!" ಧೂಳಪ್ಪ ಅವಳ ಸೊಂಟ ಹಿಡಿದು ಹಿಂದಕ್ಕೆಳೆದ. ಅವನ ಇನ್ನೊಂದು ಕೈಯಲ್ಲಿ ಗಾಲಿ ಬಿಚ್ಚುವ ಕಬ್ಬಿಣದ ಟಾಮಿ ಇತ್ತು. ಅಡ್ಡ ಬಂದ ಒಬ್ಬನ ಮುಂಗೈಗೆ ಅದು ಬಿತ್ತು. ಎಲುಬು ಲಟಕ್ಕೆಂದಿತು. ಅಷ್ಟರಲ್ಲಿ ಉಳಿದವರು ಕಲ್ಲು ಎತ್ತಿಕೊಂಡಿದ್ದರು. ಬಸ್ಸಿನ ಗಾಜುಗಳು ಒಂದೊಂದಾಗಿ ಒಡೆಯತೊಡಗಿದವು. ಒಳಗೆ ಹೆಂಗಸರು ಮಕ್ಕಳನ್ನು ಸೀಟಿನ ಕೆಳಗೆ ತುರುಕಿದರು. ಉಜ್ವಲಾ, ಧೂಳಪ್ಪ ಇಬ್ಬರೂ ಸೇರಿ ಜ್ಞಾನದೇವನ ರಟ್ಟೆ ಹಿಡಿದು ಎಳೆದು ತಂದು ಮೆಟ್ಟಿಲ ಮೇಲೆ ಹಾಕಿದರು. ಬಸ್ಸು ಹೊರಟಿತು. ಅಣ್ಣಾಸಾಬನೂ ಅವನ ಮಂದಿಯೂ ರಸ್ತೆಯ ಮೇಲೆಯೇ ಉಳಿದರು.

ಪದ್ಮವ್ವ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅವನ ಎಡಗಣ್ಣನ್ನು ಒತ್ತಿ ಹಿಡಿದಿದ್ದಳು. ಸೆರಗು ತೊಯ್ದು ಅವಳ ಬೆರಳುಗಳ ನಡುವಿನಿಂದ ಇಳಿಯುತ್ತಿತ್ತು. ಧೂಳಪ್ಪ ಬಸ್ಸನ್ನು ನೇರವಾಗಿ ಚಿಕ್ಕೋಡಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ. ಅಲ್ಲಿ ಎಲ್ಲರೂ ಇಳಿದು ತಮ್ಮ ತಮ್ಮ ದಾರಿ ಹಿಡಿದರು. ಸುಹಾಸ ಮಾತ್ರ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಅವನೂ ಹೋದ.

ಮರುದಿನ ಮುಂಜಾನೆ ಮನಿಷಾ ಅವ್ವನ ಮುಂದೆ ಫೋನ್ ಹಿಡಿದಳು. "ಮಮ್ಮಿ, ಎಲ್ಲಾರೂ ಇದನ್ನ ಕಳಸಾಕತ್ತಾರ."

ಅರ್ಧ ನಿಮಿಷದ ವಿಡಿಯೋ. ಅದು ಶುರುವಾಗುವುದೇ ಉಜ್ವಲಾ ಮಷಿನ್ ಬೀಸುವುದರಿಂದ. ಅದಕ್ಕಿಂತ ಮೊದಲಿನದು ಏನೂ ಇರಲಿಲ್ಲ. ಕೆಳಗೆ ಬಿದ್ದ ಒಬ್ಬ ಗಂಡಸು, ಅವನನ್ನು ಹೊಡೆಯುತ್ತಲೇ ಇರುವ ಖಾಕಿ ಹೆಂಗಸು. ಮೇಲೆ 'ಲೇಡಿ ಕಂಡಕ್ಟರ್ ಗೂಂಡಾಗಿರಿ' ಎಂದು ಬರೆದಿದ್ದರು. ಅವಳು ತನ್ನ ಮುಖವನ್ನು ನೋಡಿದಳು. ಬಾಯಿ ಸೊಟ್ಟಗಾಗಿ, ಹಲ್ಲು ಬಿಟ್ಟುಕೊಂಡ ಆ ಮುಖ ತನ್ನದೆಂದು ಒಪ್ಪಿಕೊಳ್ಳುವುದು ಕಷ್ಟವಾಯಿತು.

"ಖರೇನ ಹಿಂಗ ಹೊಡದಿ?" ಎಂದು ಕೇಳಿದಳು ಮಗಳು.

"ಹೂಂ. ಹೊಡದೀನಿ."

ಮಧ್ಯಾಹ್ನದೊಳಗೆ ಅವಳನ್ನೂ ಧೂಳಪ್ಪನನ್ನೂ ಅಮಾನತು ಮಾಡಿದ ಆದೇಶ ಬಂತು. ಮಿತಿಮೀರಿ ಮಂದಿ ತುಂಬಿದ್ದು, ನಿಲುಗಡೆ ಇಲ್ಲದ ಕಡೆ ನಿಲ್ಲಿಸಿದ್ದು, ಪ್ರಯಾಣಿಕರ ಮೇಲೆ ಕೈ ಮಾಡಿದ್ದು. ಅಣ್ಣಾಸಾಬ ಪೊಲೀಸರಿಗೆ ದೂರು ಕೊಟ್ಟಿದ್ದ. ಅವನ ಮೂರು ಹಲ್ಲು ಹೋಗಿದ್ದವು.

ಅದಕ್ಕಿಂತ ಆಳವಾಗಿ ಚುಚ್ಚಿದ್ದು ಜ್ಞಾನದೇವನ ಹೇಳಿಕೆ. ಎಡಗಣ್ಣಿನ ಮೇಲೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಹುಡುಗ ಪೊಲೀಸರಿಗೆ ಹೇಳಿದ್ದು ಇಷ್ಟು: ಬಸ್ಸಿನಲ್ಲಿ ಗದ್ದಲವಿತ್ತು, ಬಾಗಿಲು ಹಾಕಿರಲಿಲ್ಲ, ನಾನು ಕೆಳಗೆ ಬಿದ್ದೆ. ಯಾರೂ ಹೊಡೆದಿಲ್ಲ.

ಉಜ್ವಲಾ ಸುಮ್ಮನಿರಲಾರದೆ ಕಬ್ಬೂರಿಗೆ ಹೋದಳು. ಆಸ್ಪತ್ರೆಯಿಂದ ಹುಡುಗನನ್ನು ಆಗ ಮನೆಗೆ ಕರೆತಂದಿದ್ದರು. ಅವನ ತಾಯಿ ಸೋನಾಬಾಯಿ ಕಂಡವರ ಹೊಲದಲ್ಲಿ ಕೂಲಿ ಮಾಡುವವಳು. ಕಂಡಕ್ಟರನ್ನು ಗುರುತಿಸಿದೊಡನೆ ಓಣಿಯ ಆಚೀಚೆ ನೋಡಿ, ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ನನ್ನ ಮಗನ ಜೀವಾ ಉಳಿಸೀರಿ ಬಾಯಿ. ನಿಮ್ಮ ಕಾಲ ತೊಳದ ನೀರ ಕುಡೀಬೇಕ ನಾವು," ಎಂದು ಬಾಗಿದಳು.

"ಅದೇನೂ ಬ್ಯಾಡ್ರಿ ಮಾವಶಿ. ಆದದ್ದ ಆದಂಗ ಹೇಳ್ಲಿ ಅಂವಾ. ಅಷ್ಟ ಸಾಕು. ನನ್ನ ನೌಕರಿ ಹೋಗಾಕತ್ತೈತಿ."

ಮೂಲೆಯಲ್ಲಿ ಮಲಗಿದ್ದ ಜ್ಞಾನದೇವ ಗೋಡೆಯ ಕಡೆ ತಿರುಗಿಕೊಂಡ. ಸೋನಾಬಾಯಿಯೇ ಉತ್ತರ ಕೊಟ್ಟಳು. "ನಾವ್ ಈ ಊರಾಗ ಇರಬೇಕಲ್ರಿ. ಅವ್ರ ಭಟ್ಟಿ, ಅವ್ರ ಹೊಲಾ, ಅವ್ರ ಬಾಂವಿ ನೀರು. ನೀವ್ ಬಸ್ ಹತ್ತಿ ಹೋಗ್ತೀರಿ. ನಾವ್ ಎಲ್ಲಿ ಹೋಗೂಣು?"

ಉಜ್ವಲಾಳಿಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು. ಆ ಹುಡುಗನ ಭುಜ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಕೈ ಮುಂದಕ್ಕೆ ಹೋದದ್ದನ್ನು ಕಂಡು ಅವಳಿಗೇ ಗಾಬರಿಯಾಗಿ ಎದ್ದು ಬಂದುಬಿಟ್ಟಳು.

ಮಾರ್ಚ್ ತಿಂಗಳಲ್ಲಿ ಇಲಾಖೆಯ ವಿಚಾರಣೆ ನಡೆಯಿತು. ಬೇರೆ ಊರಿಂದ ಬಂದ ಅಧಿಕಾರಿ ಮೇಜಿನ ಹಿಂದೆ ಕೂತಿದ್ದ. ಒಂದು ಬದಿ ಉಜ್ವಲಾ, ಧೂಳಪ್ಪ. ಇನ್ನೊಂದು ಬದಿ ಹೊಸ ಹಲ್ಲು ಕಟ್ಟಿಸಿಕೊಂಡ ಅಣ್ಣಾಸಾಬ, ಅವನ ಪಕ್ಕದಲ್ಲಿ ಸಾಕ್ಷಿಯಾಗಿ ಜ್ಞಾನದೇವ. ಕಂಟ್ರೋಲರ್ ಭಾವುಸಾಹೇಬರು ತಾವು ಎರಡನೇ ಬಸ್ಸು ಕೊಡಲಿಲ್ಲವೆಂಬುದನ್ನು ಮಾತ್ರ ಒಪ್ಪಿಕೊಂಡು, ಅವಳು ಕೇಳಿದ್ದು ನೆನಪಿಲ್ಲ ಎಂದರು. ಪದ್ಮವ್ವ ತಾನಾಗಿ ಬಂದು ಕಂಡದ್ದನ್ನು ಕಂಡಂತೆ ಹೇಳಿದಳು. ಆದರೆ ಅಣ್ಣಾಸಾಬ ಕೈಬೀಸಿ, ಕಣ್ಣು ಕಾಣದ ಮುದುಕಿ ಎಂದುಬಿಟ್ಟ.

"ಹುಡುಗ ಬರೇ ಬಿದ್ದಿಲ್ರಿ ಸಾಹೇಬ್ರ," ಎಂದ ಅವನು. "ಈಕೀನ ದಬ್ಬಿದ್ದು. ಟಿಕೆಟ್ ಸಲುವಾಗಿ ತಕರಾರ ಮಾಡಿ ದಬ್ಬಿದಳು. ಕೇಳ್ದಾವ್ರನ್ನ ಹೊಡದಳು. ಹೇಳಲೇ ಜ್ಞಾನ್ಯಾ."

ಅಧಿಕಾರಿ ಹುಡುಗನ ಕಡೆ ನೋಡಿದ. "ಹೌದೇನಪ್ಪಾ? ಇವರೇ ನೂಕಿದರೆ?"

ಜ್ಞಾನದೇವ ಎದ್ದು ನಿಂತ. ಎಡಗಣ್ಣು ಬೆಳ್ಳಗೆ ಮಂಜಾಗಿತ್ತು. ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದೇ ಕಣ್ಣಿನಿಂದ ಅವನು ಮೊದಲು ಉಜ್ವಲಾಳನ್ನು, ಆಮೇಲೆ ಅಣ್ಣಾಸಾಬನನ್ನು ನೋಡಿದ.

"ಬಿದ್ನಿ ಅಂತ ಹೇಳೀನ್ರಿ. ಅದು ಸುಳ್ಳು," ಎಂದ. "ಅಂಜಿಕೇಲೆ ಹೇಳೀನಿ. ಆದ್ರ ಈ ಅಕ್ಕಾರು ದಬ್ಬ್ಯಾರ ಅಂತ ನನ್ನ ಬಾಯಾಗ ಬರೂದಿಲ್ರಿ. ನನ್ನ ಎಳದಾವ ಇವ. ಕಣ್ಣಿಗಿ ಕಬ್ಬ ಚುಚ್ಚಿದಾವನೂ ಇವನ."

ಅಣ್ಣಾಸಾಬ ಕುರ್ಚಿ ಹಿಂದಕ್ಕೆ ಕೆಡವಿ ಎದ್ದವನೇ ಹುಡುಗನ ಕುತ್ತಿಗೆಗೆ ಕೈ ಹಾಕಿದ. ಅಧಿಕಾರಿಯ ಮುಂದೆಯೇ ಗೋಡೆಗೆ ಒತ್ತಿ ಹಿಡಿದು ಹೊಟ್ಟೆಗೆ ಗುದ್ದತೊಡಗಿದ. ಮೇಜಿನ ಮೇಲಿನ ಗಾಜಿನ ಜಗ್ಗು ಉಜ್ವಲಾಳ ಕೈಗೆ ಸಿಕ್ಕಿತ್ತು. ಎತ್ತಿಯೂ ಎತ್ತಿದ್ದಳು. ಅಣ್ಣಾಸಾಬನ ಬೋಳು ನೆತ್ತಿ ಅವಳಿಗೆ ಸರಿಯಾಗಿ ಕಾಣುತ್ತಿತ್ತು. ಆ ಹಿತ ಮತ್ತೆ ತೋಳಿನೊಳಗೆ ಏರಿ ಬಂತು. ಅವಳು ಜಗ್ಗನ್ನು ನೆಲಕ್ಕೆ ಅಪ್ಪಳಿಸಿದಳು. ನೀರು, ಗಾಜು ಎಲ್ಲರ ಕಾಲಿಗೆ ಸಿಡಿಯಿತು. ಆ ಸದ್ದಿಗೆ ಹೊರಗಿದ್ದ ಡ್ರೈವರುಗಳು ಒಳಗೆ ನುಗ್ಗಿ ಬಂದು ಅಣ್ಣಾಸಾಬನನ್ನು ಎಳೆದು ಬಿಡಿಸಿದರು.

ಅಧಿಕಾರಿ ಕಣ್ಣಾರೆ ಕಂಡಿದ್ದರಿಂದ ಹೆಚ್ಚು ಬರೆಯುವ ಕೆಲಸ ಉಳಿಯಲಿಲ್ಲ. ಅಮಾನತು ರದ್ದಾಯಿತು. ಆದರೂ ಉಜ್ವಲಾಳಿಗೆ ಒಂದು ಎಚ್ಚರಿಕೆ ಪತ್ರ, ಒಂದು ವೇತನ ಬಡ್ತಿ ಕಡಿತ. ಅವಳ ಮೇಲೆ ಅಣ್ಣಾಸಾಬ ಕೊಟ್ಟ ದೂರೂ, ಮುಂಗೈ ಮುರಿದದ್ದಕ್ಕೆ ಧೂಳಪ್ಪನ ಮೇಲೆ ಆಗಿದ್ದ ಕೇಸೂ ಕೋರ್ಟಿನಲ್ಲಿ ಉಳಿದವು. ಅಣ್ಣಾಸಾಬನ ಮೇಲೆಯೂ ಕೇಸಾಗಿ, ಅವನು ವಾರದೊಳಗೆ ಜಾಮೀನಿನ ಮೇಲೆ ಹೊರಗೆ ಬಂದ. ಆ ಸಂಜೆಯೇ ಸೋನಾಬಾಯಿಯ ಮನೆಯ ಹಂಚಿನ ಮೇಲೆ ಕಲ್ಲು ಬಿದ್ದವು. ಕಟ್ಟಿದ್ದ ಎಮ್ಮೆಯ ಕಾಲು ಕಡಿದಿದ್ದರು.

ಮೇ ಒಂದನೇ ತಾರೀಖು ಮತ್ತೆ ರಜೆ, ನಿಪ್ಪಾಣಿಯಲ್ಲಿ ಮತ್ತೆ ಪಂದ್ಯ. ಭಾವುಸಾಹೇಬರು ಈ ಸಲ ಎರಡು ಬಸ್ಸು ನಿಲ್ಲಿಸಿದ್ದರು. ಉಜ್ವಲಾಳಿಗೆ ಮಾತ್ರ ಆ ದಾರಿ ಕೊಡದೆ ಬೋರಗಾಂವದ ಬಸ್ಸಿಗೆ ಹಾಕಿದ್ದರು. ಟಿಕೆಟ್ ಕೊಡುತ್ತ ಹಿಂದಕ್ಕೆ ಬಂದಾಗ ಕೊನೆಯ ಸೀಟಿನಲ್ಲಿ ಸೋನಾಬಾಯಿ, ಅವಳ ಪಕ್ಕ ಜ್ಞಾನದೇವ. ಕಾಲ ಬಳಿ ಎರಡು ಗೋಣಿಚೀಲ, ಒಂದು ಹಿತ್ತಾಳೆ ಕೊಡ.

"ಎಲ್ಲಿ ಹೊಂಟೀರಿ?"

"ಬೋರಗಾಂವದಾಗ ಮಗ್ಗದ ಕೆಲಸ ಸಿಕ್ಕೈತ್ರಿ, ಅಲ್ಲೇ ಇರಾಕ ಖೋಲಿನೂ ಕೊಡ್ತಾರ," ಎಂದ ಜ್ಞಾನದೇವ. "ಸುಹಾಸ ಹೇಳಿ ಹಚ್ಚಿದಾ."

"ಆವತ್ತ ಬಾಯಿ ಮುಚ್ಕೊಂಡ ಕೂತಿದ್ದ ಸುಹಾಸ?"

"ಹೌದ್ರಿ. ಅವನ. ಮನಿಗಿ ಬಂದಿದ್ದ. ಭಾಳ ಅತ್ತ." ಹುಡುಗ ಅವಳ ಕಡೆ ತಿರುಗಿ ಕೇಳಿದ, "ಅಕ್ಕಾರ, ನನ್ನ ಮ್ಯಾಲ ಸಿಟ್ಟ ಐತೇನ್ರಿ?"

ಇಲ್ಲ ಎಂದುಬಿಡುವುದು ಸುಲಭವಿತ್ತು. "ಐತಿ," ಎಂದಳು ಉಜ್ವಲಾ. "ಇನ್ನೂ ಸ್ವಲ್ಪ ಐತಿ."

ಅವನು ತಲೆಯಾಡಿಸಿದ. ಸೋನಾಬಾಯಿ ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡು ಸರಿದು, ಸೀಟಿನ ತುದಿಯಲ್ಲಿ ಜಾಗ ಮಾಡಿಕೊಟ್ಟಳು. ಬಸ್ಸಿನಲ್ಲಿ ಮಂದಿ ಕಡಿಮೆಯಿದ್ದರು. ಬೋರಗಾಂವ ಬರುವವರೆಗೆ ಉಜ್ವಲಾ ಅವರ ಪಕ್ಕದಲ್ಲೇ ಕೂತಳು.